ಇರುವ ಮೈದಾನದಲ್ಲೇ ಇನ್ನೊಂದು ಆಟ

2023ರ ಅಕ್ಟೋಬರ್ ತಿಂಗಳಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ 141ನೆಯ ಅಧಿವೇಶನವು ಮುಂಬಯಿ ನಗರದಲ್ಲಿ ಜರಗಿತು. 1900ರ ಪ್ಯಾರಿಸ್ ಕೂಟದ ತರುವಾಯ ಒಲಿಂಪಿಕ್ಸ್‌ನಿಂದ ಹೊರಗೇ ಉಳಿದಿದ್ದ ಕ್ರಿಕೆಟ್ ಆಟಕ್ಕೆ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟದಲ್ಲಿ ಸ್ಥಾನ ದೊರೆಯಿತೆಂದು ನಮ್ಮ ದೇಶದ ಜನರು ಹರ್ಷಪಟ್ಟರು. ಅದೇ ನಿರ್ಣಯದಲ್ಲಿ ಬೇಸ್‌ಬಾಲ್-ಸಾಫ್ಟ್‌ಬಾಲ್, ಲಕ್ರಾಸ್ ಮತ್ತು ಸ್ಕ್ವಾಷ್ ಆಟಗಳೊಂದಿಗೆ ಫ್ಲ್ಯಾಗ್ ಫುಟ್‌ಬಾಲ್ ಎಂಬ ಆಟಕ್ಕೂ ಬಾಗಿಲು ತೆರೆಯಿತು. ಕ್ರಿಕೆಟ್ಟಿನ ಸಂಭ್ರಮದಲ್ಲಿ ಈ ಸುದ್ದಿಯನ್ನು ನಮ್ಮಲ್ಲಿ ಗಮನಿಸಿದವರು ವಿರಳ.

ಕ್ಯಾಲಿಫೋರ್ನಿಯ, ಫ್ಲಾರಿಡಾ ಮುಂತಾದೆಡೆ ನೆಲೆಸಿರುವ ನಮ್ಮ ಬಂಧುಗಳ ಮನೆಗಳಲ್ಲಿ ಮಾತ್ರ ಈ ಹೆಸರು ಹೊಸದಲ್ಲ. ಅಲ್ಲಿಂದ ಬರುವ ಕರೆಯಲ್ಲಿ, ಮೊಮ್ಮಗಳು ಶಾಲೆಯ ಫುಟ್‌ಬಾಲ್ ತಂಡ ಸೇರಿದ್ದಾಳೆ ಎಂಬ ಮಾತು ಕೇಳಿದ ಅಜ್ಜಿಯ ಕಣ್ಣ ಮುಂದೆ ಶಿರಸ್ತ್ರಾಣ ಧರಿಸಿ, ಗೂಳಿಗಳಂತೆ ಹಾಯುವ ಅಮೆರಿಕನ್ ಆಟಗಾರರ ಚಿತ್ರ ಮೂಡಿದರೆ ಆಶ್ಚರ್ಯವಿಲ್ಲ. ಆ ಭಯಕ್ಕೆ ಕಾರಣವಿಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ಆದರೆ ಇಂದು ನಾವು ವಿಚಾರಮಾಡಬಯಸುವುದು ಆಟದ ಸ್ವರೂಪವೊಂದನ್ನೇ ಅಲ್ಲ. ಹೊಸದೊಂದು ಆಟ ಶಾಲೆಗೆ ಬಂದಾಗ ಹೊಸ ಮೈದಾನವನ್ನು ಎಲ್ಲಿಂದ ತರುವುದು? ಹಳೆಯ ಮೈದಾನವನ್ನೇ ಹೊಂದಿಸಿಕೊಳ್ಳುವುದಾದರೆ ಅದು ಯಾರ ಪಾಲಿಗೆ, ಯಾವ ಹೊತ್ತಿಗೆ, ಎಷ್ಟು? ನೋಡಲು ಇದು ದೈಹಿಕ ಶಿಕ್ಷಕರ ಅಳತೆಪಟ್ಟಿಯ ವಿಷಯ. ಒಳಹೊಕ್ಕು ನೋಡಿದರೆ ನ್ಯಾಯದ ವಿಷಯ.

ಆಟದ ಪರಿಚಯ

ಫ್ಲ್ಯಾಗ್ ಫುಟ್‌ಬಾಲ್ ಅಮೆರಿಕನ್ ಫುಟ್‌ಬಾಲಿನ ಸೌಮ್ಯ ರೂಪ. 1940ರ ದಶಕದಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ, ಸೈನಿಕರು ಆಟದಲ್ಲಿಯೇ ಗಾಯಗೊಳ್ಳಬಾರದೆಂಬ ಉದ್ದೇಶದಿಂದ ಇದು ಬೆಳೆಯಿತೆಂದು ಹೇಳುತ್ತಾರೆ. ಪ್ರತಿಯೊಬ್ಬ ಆಟಗಾರನ ಸೊಂಟದ ಪಟ್ಟಿಗೆ ಎರಡು ಬಟ್ಟೆಯ ಪಟ್ಟಿಗಳನ್ನು ತೂಗಬಿಟ್ಟಿರುತ್ತಾರೆ. ಚೆಂಡನ್ನು ಹಿಡಿದು ಓಡುವವನನ್ನು ನೆಲಕ್ಕೆ ಕೆಡವುವಂತಿಲ್ಲ. ಅವನ ಪಟ್ಟಿಯನ್ನು ಕಿತ್ತರೆ ಸಾಕು, ಓಟ ಅಲ್ಲಿಗೇ ನಿಂತಿತು. ಮೈಮೇಲೆ ಬಿದ್ದು ತಡೆಯುವುದೂ ನಿಷಿದ್ಧ. ಕಬಡ್ಡಿಯನ್ನು ಬಲ್ಲ ನಮ್ಮವರಿಗೆ ಇದನ್ನು ತಿಳಿಸುವುದು ಸುಲಭ: ಹಿಡಿದು ಬೀಳಿಸುವ ಬದಲು ಮುಟ್ಟಿ ಕೀಳುವುದು.

ಅಂತರರಾಷ್ಟ್ರೀಯ ನಿಯಮದಂತೆ ಒಂದು ತಂಡದಿಂದ ಐವರು ಅಂಕಣದಲ್ಲಿರುತ್ತಾರೆ. ಇಪ್ಪತ್ತು ಇಪ್ಪತ್ತು ನಿಮಿಷಗಳ ಎರಡು ಅವಧಿಗಳು. ತನ್ನ ಕಡೆಯ ಐದನೆಯ ಗಜದ ಗೆರೆಯಿಂದ ಹೊರಡುವ ತಂಡಕ್ಕೆ ನಡುಗೆರೆಯನ್ನು ದಾಟಲು ನಾಲ್ಕು ಸರದಿ, ದಾಟಿದ ಮೇಲೆ ಗೋಲುಗೆರೆಯನ್ನು ಮುಟ್ಟಲು ಮತ್ತೆ ನಾಲ್ಕು ಸರದಿ. ಚೆಂಡನ್ನು ಕಾಲಿನಿಂದ ಒದೆಯುವ ಪ್ರಸಂಗವೇ ಇಲ್ಲ. ಆದ್ದರಿಂದ ಗೋಲುಕಂಬಗಳೂ ಬೇಕಿಲ್ಲ. ಮೈದಾನವನ್ನು ಹೊಂದಿಸುವವರಿಗೆ ಇದು ದೊಡ್ಡ ಅನುಕೂಲವೆಂಬುದನ್ನು ಮುಂದೆ ನೋಡೋಣ.

ಈ ಆಟವು ಶಾಲೆಗಳಲ್ಲಿ ಹಬ್ಬುತ್ತಿರುವುದು ವಿಶೇಷವಾಗಿ ಹೆಣ್ಣುಮಕ್ಕಳ ಮೂಲಕ. ಫ್ಲಾರಿಡಾ ರಾಜ್ಯದ ಪ್ರೌಢಶಾಲೆಗಳಲ್ಲಿ 2003ರಿಂದಲೇ ಬಾಲಕಿಯರ ರಾಜ್ಯಮಟ್ಟದ ಪಂದ್ಯಾವಳಿ ನಡೆದುಬಂದಿದೆ. ಕ್ಯಾಲಿಫೋರ್ನಿಯದ ಅಂತರಶಾಲಾ ಕ್ರೀಡಾ ಒಕ್ಕೂಟವು 2023ರ ಫೆಬ್ರವರಿಯಲ್ಲಿ ಇದನ್ನು ಬಾಲಕಿಯರ ಅಧಿಕೃತ ಕ್ರೀಡೆಯಾಗಿ ಅಂಗೀಕರಿಸಿತು. ಅದೇ ವರ್ಷದ ಶರತ್ಕಾಲದಲ್ಲಿ ಆಟ ಆರಂಭವಾಯಿತು. ಆ ಒಕ್ಕೂಟದಲ್ಲಿ ಸರಕಾರೀ ಶಾಲೆಗಳೊಡನೆ ಅನೇಕ ಕಥೋಲಿಕ ಶಾಲೆಗಳೂ ಇವೆ. 2022ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ನಡೆದ ವಿಶ್ವ ಕ್ರೀಡಾಕೂಟದಲ್ಲಿ ಮಹಿಳೆಯರ ಚಿನ್ನದ ಪದಕವನ್ನು ಗೆದ್ದವರು ಅಮೆರಿಕದವರಲ್ಲ, ಮೆಕ್ಸಿಕೋದ ವನಿತೆಯರು. ಆತಿಥೇಯರನ್ನು ಅವರ ನೆಲದಲ್ಲೇ, ಅವರೇ ಹುಟ್ಟಿಸಿದ ಆಟದಲ್ಲೇ ಸೋಲಿಸಿದರು.

ಅಳತೆಯ ಲೆಕ್ಕ

ಈಗ ಮೈದಾನಕ್ಕೆ ಬರೋಣ. ಐವರ ಆಟದ ಅಂಕಣವು 50 ಗಜ ಉದ್ದ, 25 ಗಜ ಅಗಲ. ಎರಡು ತುದಿಗಳಲ್ಲಿ ಹತ್ತು ಹತ್ತು ಗಜಗಳ ಗೋಲುವಲಯ ಸೇರಿದರೆ ಒಟ್ಟು ಉದ್ದ 70 ಗಜ. ಮೀಟರುಗಳಲ್ಲಿ ಹೇಳುವುದಾದರೆ ಸುಮಾರು 64 ಮೀಟರ್ ಉದ್ದ, 23 ಮೀಟರ್ ಅಗಲ. ಶಾಲೆಗಳಲ್ಲಿ ತಂಡಕ್ಕೆ ಏಳು ಮಂದಿಯಂತೆ ಆಡುವಾಗ ಇದಕ್ಕಿಂತ ದೊಡ್ಡ ಅಂಕಣವನ್ನು ಬಳಸುತ್ತಾರೆ. ನಾವಿಲ್ಲಿ ಐವರ ಅಂಕಣವನ್ನೇ ಲೆಕ್ಕಕ್ಕೆ ಹಿಡಿಯುತ್ತೇವೆ.

ಅಮೆರಿಕದ ಪ್ರೌಢಶಾಲೆಗಳ ಫುಟ್‌ಬಾಲ್ ಮೈದಾನವು ಗೋಲುವಲಯಗಳೂ ಸೇರಿ 120 ಗಜ ಉದ್ದ, 53 ಗಜಕ್ಕೆ ತುಸು ಹೆಚ್ಚು ಅಗಲ. ಇದರಲ್ಲಿ ಎರಡು ಅಂಕಣಗಳನ್ನು ಅಕ್ಕಪಕ್ಕ ಹಾಸಿದರೆ ಅಗಲದಲ್ಲಿ 50 ಗಜ ವೆಚ್ಚವಾಗಿ, ನಡುವೆ ಉಳಿಯುವುದು ಮೂರು ಮೀಟರ್ ಮಾತ್ರ. ಕಾಗದದ ಮೇಲೆ ಲೆಕ್ಕ ಸರಿಯಾಯಿತು; ಆದರೆ ಎರಡು ಅಂಕಣಗಳಲ್ಲೂ ಚೆಂಡಿನ ಮೇಲೆ ಕಣ್ಣಿಟ್ಟು ಓಡಿಬರುವ ಇಬ್ಬರು ಬಾಲಕಿಯರಿಗೆ ಆ ಮೂರು ಮೀಟರ್ ಏನೇನೂ ಸಾಲದು. ಅದಕ್ಕೆ ಉಪಾಯವಿದೆ. ಹೊರಗಿನ ಗಡಿಗೆರೆಗಳನ್ನು ಒಂದೊಂದು ಮೀಟರಿನಷ್ಟು ಆಚೆಗೆ ಸರಿಸಿದರೆ ನಡುವಿನ ಅಂತರ ಐದು ಮೀಟರ್ ಆಗುತ್ತದೆ. ಉದ್ದದಲ್ಲಿ 50 ಗಜ ಮಿಗುವುದರಿಂದ ಒಂದು ಅಂಕಣವನ್ನು ಈ ತುದಿಗೂ ಇನ್ನೊಂದನ್ನು ಆ ತುದಿಗೂ ಎಳೆದರೆ ಅವೆರಡೂ ಎದುರುಬದುರಾಗುವುದು 20 ಗಜಗಳಲ್ಲಿ ಮಾತ್ರ. ಒಂದೇ ಅಂಕಣ ಸಾಕೆಂದಾದರೆ ಅದನ್ನು ನಟ್ಟನಡುವೆ ಇಡಬಹುದು. ಆಗ ತುದಿಯ ಕಂಬಗಳಿಂದ 25 ಗಜ ದೂರವಿದ್ದಂತಾಯಿತು.

ನಮ್ಮವರಿಗೆ ಪರಿಚಿತವಾದ ಕಾಲ್ಚೆಂಡಿನ ಮೈದಾನದ ಲೆಕ್ಕ ಇನ್ನೂ ಸ್ವಾರಸ್ಯಕರ. 100 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನವನ್ನು ಊಹಿಸಿಕೊಳ್ಳಿ. ಅಂಕಣಗಳನ್ನು ಉದ್ದಕ್ಕೆ ಹಾಸದೆ ಅಡ್ಡಕ್ಕೆ ಹಾಸಿದರೆ 64 ಮೀಟರುಗಳ ಅಂಕಣವು 68 ಮೀಟರ್ ಅಗಲದೊಳಗೆ ಹಿಡಿಯುತ್ತದೆ. ಇಂತಹ ಮೂರು ಅಂಕಣಗಳಿಗೆ ಅಗಲದಲ್ಲಿ ಸುಮಾರು 69 ಮೀಟರ್ ಬೇಕು. ಉಳಿದ 31ರಲ್ಲಿ ಅಂಕಣಗಳ ನಡುವೆ ಐದೈದು ಮೀಟರ್ ಬಿಟ್ಟರೂ ಎರಡು ಕೊನೆಗಳಲ್ಲಿ ಹತ್ತು ಹತ್ತು ಮೀಟರ್ ಮಿಗುತ್ತದೆ. ಕಾಲ್ಚೆಂಡಿನ ಗೋಲುಕಂಬಗಳು ನಿಂತಿರುವುದು ಆ ಕೊನೆಗಳಲ್ಲಿಯೇ. ಓಡುವವರು ಅವುಗಳ ಕಡೆಗೆ ಬೆನ್ನಟ್ಟಿಹೋಗುವ ಪ್ರಮೇಯ ಬರುವುದಿಲ್ಲ. ಅಲ್ಲದೆ ಇಪ್ಪತ್ತೆರಡು ಮಂದಿ ಆಡುತ್ತಿದ್ದ ಬಯಲಿನಲ್ಲಿ ಮೂವತ್ತು ಮಕ್ಕಳು ಏಕಕಾಲಕ್ಕೆ ಆಡುವಂತಾಗುತ್ತದೆ. ಪಕ್ಕಗೆರೆಯ ಹೊರಗೆ ಕಲ್ಲುಕಟ್ಟೆಯೋ ಚರಂಡಿಯೋ ಇದ್ದರೆ, ಅಂಕಣವನ್ನೇ ಹತ್ತು ಗಜ ಮೊಟಕುಗೊಳಿಸುವುದು ಜಾಣತನ. ಚಿಕ್ಕ ಮಕ್ಕಳಿಗಂತೂ ಕಿರಿದಾದ ಅಂಕಣವೇ ಒಪ್ಪುತ್ತದೆ.

ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಸಂಘಟಕರೂ ಇದೇ ದಾರಿಯನ್ನು ಹಿಡಿದುದು ಗಮನಾರ್ಹ. ಈ ಆಟಕ್ಕಾಗಿ ಹೊಸ ಕ್ರೀಡಾಂಗಣವನ್ನು ಕಟ್ಟದೆ, ನಗರದ ಎಕ್ಸ್‌ಪೊಸಿಷನ್ ಪಾರ್ಕಿನಲ್ಲಿ ಈಗಾಗಲೇ ಇರುವ ಕಾಲ್ಚೆಂಡಿನ ಕ್ರೀಡಾಂಗಣವನ್ನೇ ಆರಿಸಿಕೊಂಡರು.

ಗೆರೆ, ಸುಣ್ಣ ಮತ್ತು ಹುಲ್ಲು

ಒಂದೇ ಬಯಲಿನಲ್ಲಿ ಎರಡು ಮೂರು ಆಟಗಳ ಗೆರೆಗಳು ಹೆಣೆದುಕೊಂಡಾಗ ಮಕ್ಕಳಿಗೂ ತೀರ್ಪುಗಾರರಿಗೂ ಗೊಂದಲವಾಗುವುದು ಸಹಜ. ಒಂದೊಂದು ಆಟಕ್ಕೆ ಒಂದೊಂದು ಬಣ್ಣ ಎಂಬುದು ಇದಕ್ಕೆ ಸರಳ ಪರಿಹಾರ. ಈ ಆಟಕ್ಕೆ ಬೇಕಾದ ಗೆರೆಗಳೂ ಕೆಲವೇ: ಸುತ್ತಲಿನ ಗಡಿ, ಎರಡು ಗೋಲುಗೆರೆ, ಒಂದು ನಡುಗೆರೆ, ಮತ್ತು ನಡುಗೆರೆ, ಗೋಲುಗೆರೆಗಳಿಗೆ ಐದು ಗಜ ಈಚೆಗೆ ಎಳೆಯುವ ಗೆರೆಗಳು. ಆ ಐದು ಗಜಗಳೊಳಗೆ ಚೆಂಡನ್ನು ಹಿಡಿದು ನುಗ್ಗುವಂತಿಲ್ಲ, ಎಸೆದೇ ಮುಂದೆ ಸಾಗಿಸಬೇಕು. ಇಕ್ಕಟ್ಟಿನಲ್ಲಿ ಬಲಪ್ರಯೋಗಕ್ಕೆ ಎಡೆಯಿರಬಾರದೆಂಬ ವಿವೇಕ ಅದರಲ್ಲಿದೆ.

ಇಲ್ಲೊಂದು ಎಚ್ಚರಿಕೆಯ ಮಾತನ್ನು ನಮ್ಮ ಶಾಲೆಗಳಿಗೂ ಹೇಳಬೇಕಾಗಿದೆ. ಮೈದಾನಕ್ಕೆ ಗೆರೆ ಎಳೆಯಲು ಮನೆಗೆ ಬಳಿಯುವ ಸುಣ್ಣದ ಪುಡಿಯನ್ನೇ ಸುರಿಯುವ ರೂಢಿ ನಮ್ಮಲ್ಲಿ ಹಳೆಯದು. ಒದ್ದೆಯಾದ ಚರ್ಮಕ್ಕೆ ತಗಲಿದರೆ ಸುಣ್ಣ ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬೀಳುತ್ತ ಏಳುತ್ತ ಆಡುವ ಮಕ್ಕಳ ನೆಲದಲ್ಲಿ ಅದು ಇರತಕ್ಕದ್ದಲ್ಲ. ಸೀಮೆಸುಣ್ಣದ ಜಾತಿಯ ನಿರುಪದ್ರವಿ ಪುಡಿಯನ್ನೋ ನೀರಿನಲ್ಲಿ ಕಲಸುವ ಮೈದಾನದ ಬಣ್ಣವನ್ನೋ ಬಳಸಿದರೆ ಖರ್ಚು ಸ್ವಲ್ಪ ಹೆಚ್ಚಾದೀತು. ಮಗುವಿನ ಕಣ್ಣಿಗಿಂತ ಅದು ಹೆಚ್ಚಿನದಲ್ಲ.

ಉಳಿದ ಜಾಗ್ರತೆಗಳು ಸಾಮಾನ್ಯ ಜ್ಞಾನಕ್ಕೆ ಸೇರಿದವು. ಉದ್ದಜಿಗಿತದ ಹೊಂಡ, ನೀರು ಚಿಮುಕಿಸುವ ಕೊಳವೆಯ ತಲೆ, ಓಟದ ಪಥದ ಕಲ್ಲಂಚು ಇವೆಲ್ಲ ಅಂಕಣದಿಂದ ಹಲವು ಹೆಜ್ಜೆ ದೂರವಿರಬೇಕು. ಮೂಲೆಗಳನ್ನು ಗುರುತಿಸಲು ಮೆದುವಾದ ಗುರುತುಗಳೇ ಬೇಕು. ಕಬ್ಬಿಣದ ಗೂಟಗಳು ಬೇಡ. ಕೆಡವುವುದು ನಿಷಿದ್ಧವಾದ ಆಟದಲ್ಲೂ ಓಡುವವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದುಂಟು, ಬೆರಳು ಉಳುಕುವುದುಂಟು.

ಇವೆಲ್ಲಕ್ಕಿಂತ ಕಠಿನವಾದುದು ಹುಲ್ಲಿನ ಪ್ರಶ್ನೆ. ಮೂರು ಅಂಕಣಗಳನ್ನು ಹಾಸಿದ ಬಯಲು ಮೂರು ಪಟ್ಟು ತುಳಿತವನ್ನು ಸಹಿಸಬೇಕು. ಸಂತ ಜಾನ್ ಬೋಸ್ಕೊ ಅವರ ಚರಿತ್ರೆಯನ್ನು ಬಲ್ಲವರಿಗೆ ಇಲ್ಲಿ ಒಂದು ಪ್ರಸಂಗ ನೆನಪಾಗದಿರದು. 1846ರಲ್ಲಿ ತೂರಿನ್ ನಗರದಲ್ಲಿ ಅವರ ಬಾಲಕರಿಗೆ ಆಡಲು ಸ್ವಂತ ನೆಲವಿರಲಿಲ್ಲ. ಊರಿನ ಒಂದೊಂದು ಮೂಲೆಯಿಂದಲೂ ಎಬ್ಬಿಸಲ್ಪಟ್ಟು, ಕೊನೆಗೆ ಬಾಡಿಗೆಗೆ ಹಿಡಿದ ಹುಲ್ಲುಗಾವಲಿನಲ್ಲಿ ಸೇರುತ್ತಿದ್ದರು. ಮಕ್ಕಳ ತುಳಿತದಿಂದ ಹುಲ್ಲಿನ ಬೇರು ಕೂಡ ಉಳಿಯುತ್ತಿಲ್ಲವೆಂದು ಮಾಲೀಕರು ಅಲ್ಲಿಂದಲೂ ತೆರವು ಮಾಡಿಸಿದರು. ಅದೇ ವರ್ಷದ ಪುನರುತ್ಥಾನದ ಹಬ್ಬಕ್ಕೆ ವಾಲ್ದೊಕ್ಕೊದಲ್ಲಿ ಒಂದು ಕೊಟ್ಟಿಗೆಯೂ ಸುತ್ತಲಿನ ತುಂಡುನೆಲವೂ ದೊರೆಯಿತು. ಇಂದು ಜಗತ್ತಿನಾದ್ಯಂತ ಹಬ್ಬಿರುವ ಸಲೇಸಿಯನ್ ಶಿಕ್ಷಣ ಸೇವೆ ನೆಲೆಗೊಂಡದ್ದು ಅಂತಹ ಹೊಂದಿಸಿಕೊಂಡ ನೆಲದಲ್ಲಿ.

ಮಾಲೀಕರ ದೂರು ಸುಳ್ಳಾಗಿರಲಿಲ್ಲ. ಮಕ್ಕಳ ಅಗತ್ಯವೂ ಸುಳ್ಳಾಗಿರಲಿಲ್ಲ. ಆದ್ದರಿಂದಲೇ ಮೈದಾನವನ್ನು ಬಲ್ಲವರು ಗೋಲುವಲಯ, ನಡುಗೆರೆಗಳಂತಹ ಸವೆಯುವ ಜಾಗಗಳನ್ನು ಆಗಾಗ ಸ್ಥಳಾಂತರಿಸುತ್ತಾರೆ, ವಾರದಲ್ಲಿ ಒಂದು ದಿನವಾದರೂ ನೆಲಕ್ಕೆ ಬಿಡುವು ಕೊಡುತ್ತಾರೆ.

ಯಾರ ಮೈದಾನ?

ಗೆರೆ ಎಳೆದಾಯಿತು. ಇನ್ನು ಹೊತ್ತನ್ನು ಹಂಚಬೇಕು. ಫ್ಲಾರಿಡಾದಲ್ಲಿ ಬಾಲಕಿಯರ ಆಟವನ್ನು ವಸಂತಕಾಲಕ್ಕೆ ಇಟ್ಟುಕೊಂಡಿದ್ದಾರೆ. ಬಾಲಕರ ಫುಟ್‌ಬಾಲ್ ಪಂದ್ಯಗಳು ಶರತ್ಕಾಲದಲ್ಲೇ ಮುಗಿದಿರುವುದರಿಂದ ಪಂದ್ಯಗಳಿಗೆ ಮೈದಾನ ಬಿಡುವಾಗಿರುತ್ತದೆ. ಕ್ಯಾಲಿಫೋರ್ನಿಯವು ಶರತ್ಕಾಲವನ್ನೇ ಆರಿಸಿತು. ಹೀಗಾಗಿ ಅಲ್ಲಿ ಬಾಲಕರ ಮತ್ತು ಬಾಲಕಿಯರ ತಂಡಗಳು ಒಂದೇ ಋತುವಿನಲ್ಲಿ, ಶಾಲೆ ಬಿಟ್ಟ ಅದೇ ಒಂದೆರಡು ತಾಸುಗಳಲ್ಲಿ, ಒಂದೇ ಬಯಲನ್ನು ಬಯಸುತ್ತವೆ. ಹಲವು ದಶಕಗಳ ಕೀರ್ತಿಯುಳ್ಳ ಬಾಲಕರ ತಂಡ ಒಂದೆಡೆ. ನಿನ್ನೆ ಮೊನ್ನೆ ಹುಟ್ಟಿದ ಬಾಲಕಿಯರ ತಂಡ ಇನ್ನೊಂದೆಡೆ. ಸರಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗಭೇದ ಮಾಡಬಾರದೆಂಬ ಶಾಸನ ಅಮೆರಿಕದಲ್ಲಿ 1972ರಿಂದ ಇದೆ. ಆದರೆ ಸಂಜೆ ನಾಲ್ಕು ಗಂಟೆಗೆ ಮೈದಾನದ ಹಸಿರು ಭಾಗ ಯಾರಿಗೆ, ಮಣ್ಣಿನ ಮೂಲೆ ಯಾರಿಗೆ ಎಂಬುದನ್ನು ತೀರ್ಮಾನಿಸುವವರು ಶಾಲೆಯವರೇ.

ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ರಾಜ್ಯಶಾಸ್ತ್ರದ ಗ್ರಂಥದಲ್ಲಿ ಕೊಳಲಿನ ದೃಷ್ಟಾಂತವೊಂದನ್ನು ಕೊಡುತ್ತಾನೆ. ಉತ್ತಮವಾದ ಕೊಳಲುಗಳಿದ್ದರೆ ಅವು ಸಲ್ಲಬೇಕಾದುದು ಕುಲೀನರಿಗೂ ಅಲ್ಲ, ರೂಪವಂತರಿಗೂ ಅಲ್ಲ; ಚೆನ್ನಾಗಿ ನುಡಿಸಬಲ್ಲವರಿಗೆ. ಈ ಮಾತನ್ನು ಹಿಡಿದು ಯಾರಾದರೂ ವಾದಿಸಬಹುದು: ಗೆಲ್ಲುವ ತಂಡಕ್ಕೇ ಒಳ್ಳೆಯ ಮೈದಾನ ಸಲ್ಲಬೇಡವೇ? ವಾದ ಕೇಳಲು ನೇರವಾಗಿದೆ. ಆದರೆ ಕೊಳಲಿನ ಉದ್ದೇಶ ಸಂಗೀತ. ಶಾಲೆಯ ಮೈದಾನದ ಉದ್ದೇಶ ಪಾರಿತೋಷಕವಲ್ಲ, ಮಕ್ಕಳನ್ನು ರೂಪಿಸುವುದು. ವಸ್ತುವಿನ ಉದ್ದೇಶಕ್ಕೆ ತಕ್ಕಂತೆ ಹಂಚಿಕೆಯಾಗಬೇಕೆಂಬುದೇ ಅರಿಸ್ಟಾಟಲನ ತರ್ಕವಾದರೆ, ರೂಪುಗೊಳ್ಳಬೇಕಾದ ಪ್ರತಿಯೊಂದು ಮಗುವೂ ಮೈದಾನದ ಹಕ್ಕುದಾರ. ಅಲ್ಲದೆ ಕೊಳಲನ್ನೇ ಕೊಡದೆ, ಈಕೆಗೆ ನುಡಿಸಲು ಬಾರದು ಎಂದು ತೀರ್ಪು ಕೊಡುವುದು ಯಾವ ನ್ಯಾಯ?

ಆಟವೆಂಬುದೇ ಹೆಚ್ಚುವರಿ ಎನ್ನುವ ಹಿರಿಯರಿಗೆ ಸಂತ ತೋಮಸ್ ಅಕ್ವಿನಾಸರನ್ನು ತೋರಿಸಬಯಸುತ್ತೇವೆ. ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಆಟವಾಡುವುದರಲ್ಲೂ ಒಂದು ಸದ್ಗುಣ ಉಂಟೇ ಎಂದು ಅವರು ಗಂಭೀರವಾಗಿಯೇ ಕೇಳುತ್ತಾರೆ, ಉಂಟೆಂದು ಉತ್ತರಿಸುತ್ತಾರೆ. ಅಲ್ಲಿ ಅವರು ಸ್ಮರಿಸುವ ಹಳೆಯ ಕಥೆ ಹೀಗಿದೆ: ಶುಭಸಂದೇಶಕಾರರಾದ ಸಂತ ಯೊವಾನ್ನರು ಶಿಷ್ಯರೊಂದಿಗೆ ಆಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡು ಎಂದರು ಸಂತರು, ಬಿಟ್ಟ. ಮತ್ತೆ ಮತ್ತೆ ಬಿಡಿಸಿ, ಹೀಗೆಯೇ ಎಡೆಬಿಡದೆ ಬಿಡುತ್ತಿರಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿದೀತು ಎಂದ ಅವನು. ಮನಸ್ಸೂ ಹಾಗೆಯೇ ಎಂಬುದು ಸಂತರ ಉತ್ತರವಾಗಿತ್ತು. ಪರೀಕ್ಷೆ, ಪಾಠಶಾಲೆ, ಮತ್ತೆ ಮನೆಪಾಠ ಎಂದು ಸದಾ ಹೆದೆಯೇರಿಸಿಟ್ಟ ಬಿಲ್ಲುಗಳಂತಿರುವ ನಮ್ಮ ಮಕ್ಕಳ ತಂದೆತಾಯಿಯರು ಈ ಕಥೆಯನ್ನು ಮನದಲ್ಲಿರಿಸಿಕೊಳ್ಳಲಿ. ಅಕ್ವಿನಾಸರು ಮಿತಿಯನ್ನೂ ಹೇಳಿದ್ದಾರೆ: ಆಟವು ಸಮಯ, ಸ್ಥಳ, ವ್ಯಕ್ತಿಗಳಿಗೆ ತಕ್ಕುದಾಗಿರಬೇಕು.

ಧರ್ಮಸಭೆಯ ಇತ್ತೀಚಿನ ಬೋಧನೆಯೂ ಇದೇ ಜಾಡಿನಲ್ಲಿದೆ. ಶ್ರೀಸಾಮಾನ್ಯರು, ಕುಟುಂಬ ಮತ್ತು ಜೀವನಕ್ಕಾಗಿರುವ ವ್ಯಾಟಿಕನ್ ಆಯೋಗವು 2018ರ ಜೂನ್ 1ರಂದು ಕ್ರೀಡೆಯ ಕುರಿತಾಗಿಯೇ ಒಂದು ದಾಖಲೆಯನ್ನು ಪ್ರಕಟಿಸಿ, ಮಾನವ ವ್ಯಕ್ತಿಯ ಸಮಗ್ರ ವಿಕಾಸದ ದೃಷ್ಟಿಯಿಂದ ಕ್ರೀಡೆಯನ್ನು ವಿಚಾರಿಸಿತು. ಅದಕ್ಕೂ ಬಹಳ ಮೊದಲೇ, 1930ರಲ್ಲಿ, ಷಿಕಾಗೋದ ಸಹಾಯಕ ಧರ್ಮಾಧ್ಯಕ್ಷ ಬರ್ನಾರ್ಡ್ ಶೀಲ್ ಅವರು ಕಥೋಲಿಕ ಯುವ ಸಂಘಟನೆಯನ್ನು ಸ್ಥಾಪಿಸಿ, ಧರ್ಮಕೇಂದ್ರಗಳ ಅಂಗಳಕ್ಕೆ ಆಟವನ್ನು ತಂದರು.

ನಮ್ಮ ಅಂಗಳದಲ್ಲಿ

ಫ್ಲ್ಯಾಗ್ ಫುಟ್‌ಬಾಲನ್ನು ನಾಳೆಯಿಂದಲೇ ನಮ್ಮ ಶಾಲೆಗಳಲ್ಲಿ ಆರಂಭಿಸಿರೆಂದು ನಾವು ಹೇಳುತ್ತಿಲ್ಲ. ನಮ್ಮಲ್ಲಿ ಕಬಡ್ಡಿಯಿದೆ, ಖೋಖೋ ಇದೆ, ಥ್ರೋಬಾಲ್ ಇದೆ, ಹಾಕಿ, ಕಾಲ್ಚೆಂಡುಗಳಿವೆ. ಕಲಿಯಬೇಕಾದುದು ಆ ಲೆಕ್ಕಾಚಾರದ ಹಿಂದಿರುವ ಮನೋಭಾವವನ್ನು. ಜಾಗವಿಲ್ಲ ಎಂಬ ಮಾತನ್ನು ನಾವು ಬಹಳ ಬೇಗ ಆಡಿಬಿಡುತ್ತೇವೆ. ಕರಾವಳಿಯ ಮುರಕಲ್ಲಿನ ನೆಲ, ಜೂನ್‌ನಿಂದ ಸೆಪ್ಟೆಂಬರದವರೆಗೆ ಬಿಡದೆ ಸುರಿಯುವ ಮಳೆ, ಆಟಕ್ಕೆ ಉಳಿಯುವ ಕೆಲವೇ ತಿಂಗಳುಗಳು, ಇವೆಲ್ಲ ನಿಜ. ಆದರೆ ಇರುವ ಬಯಲಿನ ಮುಕ್ಕಾಲು ಭಾಗವನ್ನು ಹನ್ನೊಂದು ಹುಡುಗರ ಒಂದು ಕ್ರಿಕೆಟ್ ತಂಡವು ಆಕ್ರಮಿಸಿ, ಇನ್ನೂರು ಹುಡುಗಿಯರು ಗೋಡೆಯ ನೆರಳಿನ ಥ್ರೋಬಾಲ್ ಅಂಕಣದ ಸುತ್ತ ನಿಂತು ನೋಡುವ ದೃಶ್ಯವೂ ನಮ್ಮಲ್ಲಿ ಅಪರೂಪವಲ್ಲ. ಅಲ್ಲಿ ಕೊರತೆಯಿರುವುದು ನೆಲಕ್ಕಲ್ಲ.

ಹೀಗಿರುವಾಗ ನಮ್ಮ ಶಾಲಾ ಆಡಳಿತ ಮಂಡಳಿಗಳು, ಧರ್ಮಕೇಂದ್ರದ ಪಾಲನಾ ಮಂಡಳಿಗಳು ಮತ್ತು ಹೆತ್ತವರು ಕೂಡಿ ಕೆಲವು ಕೆಲಸಗಳನ್ನು ಮಾಡಬಹುದು. ಮೊದಲನೆಯದಾಗಿ, ಮೈದಾನವನ್ನು ಅಳೆಯಿಸಿ, ಯಾವ ಆಟದ ಅಂಕಣ ಎಷ್ಟು ಹಿಡಿಯುತ್ತದೆಂದು ಒಂದು ಹಾಳೆಯಲ್ಲಿ ಬರೆಯಿಸಿರಿ. ಅಡ್ಡಕ್ಕೆ ಹಾಸಿದರೆ ಏನಾಗುತ್ತದೆಂಬುದನ್ನೂ ನೋಡಿರಿ. ಎರಡನೆಯದಾಗಿ, ಪಾಠದ ವೇಳಾಪಟ್ಟಿಯಂತೆ ಮೈದಾನದ ವೇಳಾಪಟ್ಟಿಯನ್ನೂ ಫಲಕಕ್ಕೆ ಹಚ್ಚಿರಿ. ಅದರಲ್ಲಿ ಹುಡುಗಿಯರಿಗೂ, ಯಾವ ತಂಡಕ್ಕೂ ಆಯ್ಕೆಯಾಗದ ಮಕ್ಕಳಿಗೂ ಹೊತ್ತನ್ನು ಗೊತ್ತುಮಾಡಿರಿ. ಮೂರನೆಯದಾಗಿ, ಹೊಸ ಕಟ್ಟಡಕ್ಕೋ ವಾಹನಗಳ ನಿಲುಗಡೆಗೋ ಮೈದಾನದ ಅಂಚನ್ನು ಬಿಟ್ಟುಕೊಡುವ ಮುನ್ನ ಎರಡು ಸಲ ಆಲೋಚಿಸಿರಿ. ಬಯಲಿನ ಹತ್ತು ಅಡಿ ಹೋದರೆ ಹೋಗುವುದು ಹತ್ತು ಅಡಿ ಮಾತ್ರವಲ್ಲ, ಕೆಲವೊಮ್ಮೆ ಒಂದಿಡೀ ಅಂಕಣ.

ಸಂತ ಪೌಲರು ಕೊರಿಂಥದ ಭಕ್ತರಿಗೆ ಬರೆಯುವಾಗ ಓಟದ ಕಣದ ಹೋಲಿಕೆಯನ್ನು ಬಳಸಿದರು. ಕೇಳುವವರಿಗೆ ಆ ಕಣ ಪರಿಚಿತವಾಗಿತ್ತು. ಕಣವನ್ನೇ ಕಾಣದ ಮಗುವಿಗೆ ಆ ಹೋಲಿಕೆ ಹೇಗೆ ಅರ್ಥವಾದೀತು? ಸೋಲುವುದನ್ನು, ಸರದಿಗಾಗಿ ಕಾಯುವುದನ್ನು, ಎದುರಾಳಿಯನ್ನು ನೋಯಿಸದೆ ತಡೆಯುವುದನ್ನು ಜ್ಞಾನೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿಸಬಹುದು, ಅಭ್ಯಾಸವಾಗುವುದು ಬಯಲಿನಲ್ಲಿ. ಬರುವ ಆಡಳಿತ ಮಂಡಳಿಯ ಸಭೆಯಲ್ಲಿ ಕಟ್ಟಡ ನಿಧಿಯ ಲೆಕ್ಕ ಮುಗಿದ ಮೇಲೆ, ಪ್ರಿಯ ಹೆತ್ತವರೇ, ಒಂದು ಪ್ರಶ್ನೆಯನ್ನು ಎತ್ತಿರಿ: ನಮ್ಮ ಶಾಲೆಯ ಮೈದಾನದಲ್ಲಿ ಈ ವಾರ ಎಷ್ಟು ಹುಡುಗಿಯರು ಓಡಿದರು? ಉತ್ತರ ಸಿದ್ಧವಿಲ್ಲದಿದ್ದರೆ ಮುಂದಿನ ಸಭೆಗೆ ಅದನ್ನೇ ಮೊದಲ ವಿಷಯವಾಗಿ ಬರೆಯಿಸಿರಿ.